ಹೃದಯರೇಖೆ ನಡೆದ ದಾರಿ

1905ನೆಯ ಇಸವಿಯ ಮಾರ್ಚ್ 22ರಂದು ಹಾಲೆಂಡ್ ದೇಶದ ಲೇಡನ್ ಪಟ್ಟಣದಲ್ಲಿ ದೃಢಕಾಯನಾದ ಒಬ್ಬ ಮನುಷ್ಯನು ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯಿಂದ ಸೈಕಲ್ಲೇರಿ ಹೊರಟು, ಅಲ್ಲಿಗೆ ಒಂದೂವರೆ ಕಿಲೋಮೀಟರು ದೂರದಲ್ಲಿದ್ದ ಆಸ್ಪತ್ರೆಯನ್ನು ಸೇರಿ, ತನ್ನ ಮೈಯನ್ನು ಪರೀಕ್ಷೆಗೆ ಒಪ್ಪಿಸಿದನು. ಅವನ ಹೃದಯವು ಮಿಡಿದಾಗಲೆಲ್ಲ ಹುಟ್ಟುತ್ತಿದ್ದ, ಮಿಲಿವೋಲ್ಟಿನ ಲೆಕ್ಕದಲ್ಲಿ ಅಳೆಯಬೇಕಾದಷ್ಟು ಅಲ್ಪವಾದ ವಿದ್ಯುತ್ತು ಟೆಲಿಫೋನಿನ ತಂತಿಯನ್ನು ಹಿಡಿದು, ಅವನು ಬಿಟ್ಟುಬಂದಿದ್ದ ಪ್ರಯೋಗಶಾಲೆಗೇ ಮರಳಿ, ಅಲ್ಲಿ ವಿಲ್ಲೆಮ್ ಐಂಥೋವೆನ್ ಎಂಬ ಪ್ರಾಧ್ಯಾಪಕರ ಯಂತ್ರದಲ್ಲಿ ಗೆರೆಯಾಗಿ ಮೂಡಿತು. ಆ ಗೆರೆಯ ಶಿಖರಗಳು ವಾಡಿಕೆಗಿಂತ ಎತ್ತರವಾಗಿ ಕಂಡುದಕ್ಕೆ ಆ ಮನುಷ್ಯನು ಸೈಕಲ್ಲು ತುಳಿದುಕೊಂಡು ಹೋದುದೇ ಕಾರಣವೆಂದು ಎಣಿಸಲಾಯಿತು. ದೂರವಾಣಿಯ ತಂತಿಯು ಮನುಷ್ಯನ ಮಾತನ್ನು ಬಿಟ್ಟು ಅವನ ಎದೆಯ ಮಿಡಿತವನ್ನು ಹೊತ್ತೊಯ್ದ ಆ ಪ್ರಸಂಗದಿಂದಲೇ, ಇಂದು ನಮ್ಮ ತಾಲ್ಲೂಕು ಆಸ್ಪತ್ರೆಗಳ ಕಿರುಕೋಣೆಗಳವರೆಗೆ ಬಂದು ಮುಟ್ಟಿರುವ ದೀರ್ಘವಾದ ಕಥೆಯೊಂದು ಆರಂಭವಾಗುತ್ತದೆ.

ಐಂಥೋವೆನ್ನರು ಇಂತಹ ತಂತಿಯನ್ನೇಕೆ ಆಶ್ರಯಿಸಿದರೆಂಬುದನ್ನು ತಿಳಿಯಬೇಕಾದರೆ ಅವರ ಯಂತ್ರವನ್ನು ಸ್ವಲ್ಪ ನೋಡಬೇಕು. ಜಾವಾ ದ್ವೀಪದ ಸೆಮರಾಂಗ್ ಪಟ್ಟಣದಲ್ಲಿ 1860ರಲ್ಲಿ ವೈದ್ಯನ ಮಗನಾಗಿ ಹುಟ್ಟಿ, ಎಳೆತನದಲ್ಲಿಯೇ ತಂದೆಯನ್ನು ಕಳೆದುಕೊಂಡು, ತಾಯಿಯೊಡನೆ ಹಾಲೆಂಡಿಗೆ ಬಂದು ಬೆಳೆದ ಈ ವಿಜ್ಞಾನಿಯು, ಹೃದಯದ ವಿದ್ಯುತ್ತನ್ನು ಅದು ಇದ್ದಂತೆಯೇ ಹಿಡಿಯಬಲ್ಲ ಸೂಕ್ಷ್ಮವಾದ ಸಾಧನವನ್ನು ಅರಸಿ, ಕಡೆಗೆ ಬೆಳ್ಳಿಯ ಲೇಪವಿತ್ತ ಸ್ಫಟಿಕದ ಎಳೆಯೊಂದನ್ನು ಪ್ರಬಲವಾದ ಎರಡು ಅಯಸ್ಕಾಂತಧ್ರುವಗಳ ನಡುವೆ ತೂಗಬಿಟ್ಟರು. ಕೂದಲಿಗಿಂತ ಎಷ್ಟೋ ತೆಳುವಾದ ಆ ಎಳೆಯನ್ನು ಪಡೆಯುತ್ತಿದ್ದ ಬಗೆಯೇ ಒಂದು ಬೆರಗು: ಕಾದು ಕರಗಿದ ಸ್ಫಟಿಕವನ್ನು ಬಾಣದ ಬಾಲಕ್ಕೆ ಅಂಟಿಸಿ, ಬಿಲ್ಲಿನಿಂದ ಆ ಬಾಣವನ್ನು ಎಸೆದರೆ, ಅದು ಹಾರಿದ ದಾರಿಯುದ್ದಕ್ಕೂ ಕಣ್ಣಿಗೆ ಕಾಣದಷ್ಟು ನವಿರಾದ ನೂಲು ಹೊರಟು ಬರುತ್ತಿತ್ತು. ಹೃದಯದ ವಿದ್ಯುತ್ತು ಈ ಎಳೆಯಲ್ಲಿ ಹರಿದಾಗ ಅದು ಅತ್ತಿತ್ತ ಅಲುಗುತ್ತಿತ್ತು. ಆ ಅಲುಗಾಟದ ನೆರಳು ಚಲಿಸುವ ಛಾಯಾಫಲಕದ ಮೇಲೆ ಬಿದ್ದು ಗೆರೆಯಾಗುತ್ತಿತ್ತು. ಇಷ್ಟು ಸುಕುಮಾರವಾದ ಎಳೆಗೆ ಆಶ್ರಯವಾಗಿದ್ದ ಯಂತ್ರವಾದರೋ ಸುಮಾರು 270 ಕಿಲೋಗ್ರಾಂ ತೂಗುತ್ತಿತ್ತು. ಅದರ ಅಯಸ್ಕಾಂತಗಳು ಕಾಯದಂತೆ ಸದಾ ನೀರು ಹರಿಸಬೇಕಾಗಿತ್ತು. ಅದನ್ನು ನಡೆಸುವುದಕ್ಕೆ ಐವರು ಬೇಕಾಗಿದ್ದರು. ಪರೀಕ್ಷೆಗೆ ಒಳಗಾದವನು ಉಪ್ಪುನೀರು ತುಂಬಿದ ಪಾತ್ರೆಗಳಲ್ಲಿ ಕೈಕಾಲುಗಳನ್ನು ಅದ್ದಿ ಕುಳಿತಿರಬೇಕಾಗಿತ್ತು. ಯಂತ್ರವನ್ನು ಆಸ್ಪತ್ರೆಗೆ ಒಯ್ಯುವಂತಿರಲಿಲ್ಲ, ಹಾಸಿಗೆ ಹಿಡಿದ ರೋಗಿಯನ್ನು ಪ್ರಯೋಗಶಾಲೆಗೆ ತರುವಂತಿರಲಿಲ್ಲ. ಆದಕಾರಣ ಎರಡಕ್ಕೂ ನಡುವೆ ತಂತಿಯನ್ನು ಎಳೆಯಬೇಕಾಯಿತು. 1906ರಲ್ಲಿ ಐಂಥೋವೆನ್ನರು ಈ ಪರೀಕ್ಷೆಗಳ ವೃತ್ತಾಂತವನ್ನು ಪ್ರಕಟಿಸಿದಾಗ ‘ಟೆಲಿಕಾರ್ಡಿಯೋಗ್ರಾಂ’ ಎಂಬ ಹೆಸರನ್ನು ಬಳಸಿದರು; 1924ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು.

ಇಲ್ಲಿ ಒಂದು ಮಾತನ್ನು ಗಮನಿಸದೆ ಮುಂದೆ ಹೋಗಲಾರೆ. ಲೇಡನ್ನಿನಲ್ಲಿ ಚಲಿಸಲಾರದೆ ಇದ್ದುದು ಯಂತ್ರ. ಕಾಲಕ್ರಮದಲ್ಲಿ ಯಂತ್ರವು ಕಿರಿದಾಗುತ್ತ ಬಂದು, ಮೇಜಿನ ಮೇಲಕ್ಕೆ ಏರಿ, ಕೈಪೆಟ್ಟಿಗೆಯೊಳಕ್ಕೆ ಇಳಿದು, ಈಗ ಅಂಗೈಯಲ್ಲಿ ಅಡಗುವಷ್ಟಾಗಿದೆ. ಆದರೆ ಯಂತ್ರವು ಹಗುರವಾದಂತೆಲ್ಲ ಅದು ಬರೆದುದನ್ನು ಓದಬಲ್ಲ ಪಂಡಿತನು ಮಾತ್ರ ದೊಡ್ಡ ಊರನ್ನು ಬಿಟ್ಟು ಕದಲದವನಾದನು. ಆ ವಿದ್ಯೆಗೆ ಬೇಕಾದ ಹತ್ತಾರು ವರ್ಷಗಳ ವ್ಯಾಸಂಗ, ಅದನ್ನು ಅನುಸರಿಸಿ ಬರುವ ಶಸ್ತ್ರಚಿಕಿತ್ಸಾಲಯ, ಅದನ್ನು ಪೋಷಿಸುವ ಹಣ, ಎಲ್ಲವೂ ನಗರದಲ್ಲಿಯೇ ನೆಲಸಿರುವಾಗ ಪಂಡಿತನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಆದರೂ ಹಳ್ಳಿಯ ಕಡೆಯಿಂದ ನೋಡಿದರೆ ಫಲವು ಒಂದೇ: ಅಂದು ಯಂತ್ರಕ್ಕಾಗಿ ಎಳೆದ ತಂತಿಯನ್ನು ಮುಂದೆ ಮನುಷ್ಯನಿಗಾಗಿ ಎಳೆಯಬೇಕಾಗಿ ಬಂದಿತು.

ನಡುವಣ ಅರ್ಧ ಶತಮಾನದ ಕಥೆಯನ್ನು ಬೇಗ ಹೇಳಿಬಿಡಬಹುದು. ಅಮೆರಿಕದ ಮೊಂಟಾನಾ ಪ್ರಾಂತದ ಹೆಲೆನಾ ಎಂಬ ಊರಿನಲ್ಲಿ ನಾರ್ಮನ್ ಹೋಲ್ಟರ್ ಎಂಬುವರು 1940ರ ದಶಕದ ಕೊನೆಯ ವರ್ಷಗಳಲ್ಲಿ ಸುಮಾರು 38 ಕಿಲೋಗ್ರಾಂ ತೂಕದ ಪೆಟ್ಟಿಗೆಯನ್ನು ಬೆನ್ನಿಗೆ ಬಿಗಿದುಕೊಂಡು, ನಡೆದಾಡುವ ಮನುಷ್ಯನ ಹೃದಯರೇಖೆಯನ್ನು ರೇಡಿಯೋ ಅಲೆಗಳ ಮೂಲಕ ಕಳುಹಿಸಬಹುದೆಂದು ತೋರಿಸಿದರು. 1962ರ ಫೆಬ್ರವರಿ 20ರಂದು ಗಗನಯಾತ್ರಿ ಜಾನ್ ಗ್ಲೆನ್ ಭೂಮಿಯನ್ನು ಮೂರು ಸಲ ಸುತ್ತಿ ಬಂದಾಗ, ಆತನ ಹೃದಯದ ಮಿಡಿತವು ಆಕಾಶದಿಂದ ಇಳಿದು, ಜಗತ್ತಿನ ನಾನಾ ಕಡೆಯ ನಿಲ್ದಾಣಗಳಲ್ಲಿ ಕಾದಿದ್ದ ವೈದ್ಯರ ಕಣ್ಣಿಗೆ ಬೀಳುತ್ತಿತ್ತು. ನೂರಾರು ಕಿಲೋಮೀಟರು ಎತ್ತರದಲ್ಲಿ ಹಾರುವವನ ಎದೆಯನ್ನು ನೋಡಬಹುದಾದರೆ ನೆಲದ ಮೇಲೆ ದೂರದಲ್ಲಿರುವವನ ಎದೆಯನ್ನು ನೋಡಲಾಗದೇಕೆ ಎಂಬ ಪ್ರಶ್ನೆಯು ಅಲ್ಲಿಂದ ಸಹಜವಾಗಿಯೇ ಹುಟ್ಟಿತು. ಅರಿಜೋನಾದ ಪಾಪಾಗೋ ಜನರ ಮರುಭೂಮಿಯಲ್ಲಿ 1970ರ ದಶಕದಲ್ಲಿ ಎಕ್ಸ್‌ರೇ ಮತ್ತು ಇ.ಸಿ.ಜಿ. ಯಂತ್ರಗಳನ್ನು ಹೊತ್ತ ವಾಹನವೊಂದು ಹಳ್ಳಿಯಿಂದ ಹಳ್ಳಿಗೆ ತಿರುಗಿ, ದೂರದ ವೈದ್ಯರೊಡನೆ ರೇಡಿಯೋ ಅಲೆಗಳ ಮೂಲಕ ಸಂಪರ್ಕವಿರಿಸಿಕೊಂಡಿತು. ದಶಕವು ಮುಗಿಯುವ ಮುನ್ನವೇ ಆ ಪ್ರಯೋಗವು ನಿಂತುಹೋಯಿತು.

ಇದೇ ಕಾಲದ ಮತ್ತೊಂದು ಪ್ರಸಂಗವು ನಮ್ಮ ನಾಡಿಗೂ ಸಂಬಂಧಿಸಿದುದು. ಅದನ್ನು ನೆನೆದಾಗಲೆಲ್ಲ ನನಗೆ ಒಂದು ಬಗೆಯ ವಿಸ್ಮಯ ಉಂಟಾಗುತ್ತದೆ. 1974ರ ಮೇ 30ರಂದು ಅಮೆರಿಕದವರು ‘ಎ.ಟಿ.ಎಸ್.-6’ ಎಂಬ ಉಪಗ್ರಹವನ್ನು ಮೇಲಕ್ಕೆ ಕಳುಹಿಸಿದರು. ಅದರ ಮೊದಲ ವರ್ಷದ ಕೆಲಸಗಳಲ್ಲಿ ಒಂದೆಂದರೆ ಅಲಾಸ್ಕಾದ ಹಿಮದ ನಡುವೆ ರಸ್ತೆಯಿಲ್ಲದೆ ಉಳಿದಿದ್ದ ಗಲೀನಾ, ಫೋರ್ಟ್ ಯೂಕಾನ್ ಮೊದಲಾದ ಹಳ್ಳಿಗಳ ರೋಗಿಗಳನ್ನು ದೂರದ ಆಸ್ಪತ್ರೆಯ ವೈದ್ಯರಿಗೆ ಟೆಲಿವಿಷನ್ನಿನಲ್ಲಿ ತೋರಿಸುವುದು. ಒಂದು ವರ್ಷ ಕಳೆದ ಮೇಲೆ ಅದೇ ಉಪಗ್ರಹವನ್ನು ಆಕಾಶದಲ್ಲಿ ಮೆಲ್ಲನೆ ಸರಿಸಿ ಆಫ್ರಿಕದ ನೆತ್ತಿಯ ಮೇಲಕ್ಕೆ ತಂದು, 1975ರ ಆಗಸ್ಟ್ 1ರಿಂದ ಒಂದು ವರ್ಷದ ಕಾಲ ಭಾರತದ ಸುಮಾರು 2400 ಹಳ್ಳಿಗಳಿಗೆ ಟೆಲಿವಿಷನ್ನಿನ ಮೂಲಕ ಶಿಕ್ಷಣವನ್ನು ನೀಡುವುದಕ್ಕೆ ಬಳಸಲಾಯಿತು. ಆ ಹಳ್ಳಿಗಳಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳವೂ ಇದ್ದವು. ಜಾಲರಿಯಿಂದ ಹೆಣೆದ ದೊಡ್ಡ ಕೊಡೆಯಂತಹ ಆಂಟೆನಾವನ್ನು ನೆಟ್ಟು, ಸಂಜೆ ಊರವರೆಲ್ಲ ನೆರೆದು, ಬೇಸಾಯ, ಆರೋಗ್ಯ, ಶಿಶುಪಾಲನೆಗಳ ವಿಷಯವಾಗಿ ಬರುತ್ತಿದ್ದ ಚಿತ್ರಗಳನ್ನು ನೋಡುತ್ತಿದ್ದರು. ಅಲಾಸ್ಕಾದಲ್ಲಿ ಹಳ್ಳಿಯೂ ಆಸ್ಪತ್ರೆಯೂ ಪರಸ್ಪರ ಮಾತಾಡಿದ್ದವು. ರಾಯಚೂರಿನ ಹಳ್ಳಿಯಾದರೋ ನೋಡಬಹುದಾಗಿತ್ತು, ಕೇಳಬಹುದಾಗಿತ್ತು, ಉತ್ತರ ಕೊಡುವಂತಿರಲಿಲ್ಲ. ಅದೇ ಉಪಗ್ರಹ, ಅದೇ ಆಕಾಶ. ಆದರೆ ಇಲ್ಲಿ ಮಾತು ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯಿತು. ಆ ಪ್ರಯೋಗದ ಉದ್ದೇಶವೇ ಬೇರೆಯಾಗಿದ್ದುದರಿಂದ ಇದನ್ನು ದೋಷವೆನ್ನುವುದಿಲ್ಲ. ಆದರೆ ನಮ್ಮ ಹಳ್ಳಿಯೊಂದು ತನ್ನ ಎದೆಯ ಸುದ್ದಿಯನ್ನು ತಾನೇ ಮೇಲಕ್ಕೆ ಕಳುಹಿಸುವುದಕ್ಕೆ ಇನ್ನೂ ಕಾಲು ಶತಮಾನ ಕಾಯಬೇಕಾಯಿತೆಂಬುದು ಇತಿಹಾಸ.

ಅಷ್ಟರಲ್ಲಿ ಹೃದ್ರೋಗದ ಚಿಕಿತ್ಸೆಯಲ್ಲಿಯೇ ಒಂದು ದೊಡ್ಡ ಬದಲಾವಣೆಯು ಸಂಭವಿಸಿ, ದೂರವೆಂಬುದರ ಅರ್ಥವನ್ನು ಬೇರೆಯಾಗಿ ಮಾಡಿಬಿಟ್ಟಿತು. ಅದಕ್ಕೆ ಹಿಂದೆ ಹೃದಯಾಘಾತವಾದವನಿಗೆ ಆಸ್ಪತ್ರೆಯು ಕೊಡಬಲ್ಲುದಾಗಿದ್ದುದು ಮುಖ್ಯವಾಗಿ ವಿಶ್ರಾಂತಿ, ನೋವಿಗೆ ಶಮನ, ಮಿಡಿತ ತಪ್ಪಿದಾಗ ಅದನ್ನು ಸರಿಪಡಿಸುವ ಎಚ್ಚರ, ಇಷ್ಟೆ. 1986ರಲ್ಲಿ ಇಟಲಿಯ ವೈದ್ಯರು ‘ಗಿಸ್ಸಿ’ ಎಂಬ ಹೆಸರಿನಲ್ಲಿ 11,806 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದರು. ಹೃದಯದ ರಕ್ತನಾಳದಲ್ಲಿ ಕಟ್ಟಿದ ಗರಣೆಯನ್ನು ಕರಗಿಸುವ ಸ್ಟ್ರೆಪ್ಟೋಕೈನೇಸ್ ಎಂಬ ಔಷಧವನ್ನು ನೋವು ತೊಡಗಿದ ಮೊದಲ ಒಂದು ಗಂಟೆಯೊಳಗೆ ಕೊಟ್ಟರೆ ಸಾವುಗಳು ಸುಮಾರು ಅರ್ಧದಷ್ಟು ತಗ್ಗುವುವೆಂದೂ, ಗಂಟೆಗಳು ಕಳೆದಂತೆ ಆ ಲಾಭವು ಕ್ಷೀಣಿಸಿ ಆರು ಗಂಟೆಗಳ ಬಳಿಕ ಕಾಣದಾಗುವುದೆಂದೂ ಆ ಪರೀಕ್ಷೆಯಿಂದ ತಿಳಿದುಬಂದಿತು. ಒಂದು ಸೂಜಿಮದ್ದು, ಅದಕ್ಕೆ ಶಸ್ತ್ರಚಿಕಿತ್ಸಾಲಯವೂ ಬೇಡ, ನಗರವೂ ಬೇಡ, ಯಾವ ತಾಲ್ಲೂಕು ಆಸ್ಪತ್ರೆಯಲ್ಲಿಯಾದರೂ ಕೊಡಬಹುದು. ಆದರೆ ಆ ಮದ್ದು ರಕ್ತವು ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುವಂತಹುದು. ಎದೆಯ ನೋವು ಹೃದಯದ್ದಲ್ಲದೆ ಮಹಾಧಮನಿಯ ಸೀಳಿನದೋ ಹೊಟ್ಟೆಯ ಹುಣ್ಣಿನದೋ ಆಗಿದ್ದರೆ ಅದೇ ಮದ್ದು ಪ್ರಾಣವನ್ನು ತೆಗೆದೀತು. ಮೆದುಳಿನಲ್ಲಿ ರಕ್ತ ಒಸರೀತು. ಆದುದರಿಂದ ಹೃದಯರೇಖೆಯಲ್ಲಿ ‘ಎಸ್‌ಟಿ’ ಎಂದು ಕರೆಯುವ ಭಾಗವು ನಿಜವಾಗಿಯೂ ಎದ್ದು ನಿಂತಿದೆಯೇ ಎಂಬುದನ್ನು ಬಲ್ಲವರು ನೋಡಿ ಹೇಳದೆ, ಹಳ್ಳಿಯ ವೈದ್ಯನ ಕೈ ಆ ಸೂಜಿಯತ್ತ ಹೋಗಲು ಅಂಜುತ್ತಿತ್ತು. ಅಂಜಿದುದು ಸರಿಯೂ ಆಗಿತ್ತು. ಹೀಗಾಗಿ ರೋಗಿಯನ್ನು ಜೀಪಿನಲ್ಲೋ ಬಸ್ಸಿನಲ್ಲೋ ಹಾಕಿ ಮೈಸೂರಿಗೆ, ಬೆಂಗಳೂರಿಗೆ ಕಳುಹಿಸುವುದೇ ಪದ್ಧತಿಯಾಗಿ, ಔಷಧಕ್ಕೆ ಬೆಲೆಯಿದ್ದ ಗಂಟೆಗಳು ಹಾದಿಯ ಧೂಳಿನಲ್ಲಿಯೇ ಕಳೆದುಹೋಗುತ್ತಿದ್ದವು. ಅದಕ್ಕೂ ಮೊದಲು, ‘ಗ್ಯಾಸು’ ಎಂದುಕೊಂಡು ಸೋಡಾ ಕುಡಿದು, ಎದೆಗೆ ಬೆಣ್ಣೆ ಸವರಿಕೊಂಡು, ಬೆಳಗಾಗಲೆಂದು ಕಾದು ಕುಳಿತ ಗಂಟೆಗಳ ಲೆಕ್ಕವನ್ನು ಇಟ್ಟವರಾರು?

ಇಪ್ಪತ್ತೊಂದನೆಯ ಶತಮಾನದ ಹೊಸ್ತಿಲಲ್ಲಿ ಮೂರು ಪ್ರವಾಹಗಳು ಒಂದೆಡೆ ಕೂಡಿದವು. 2000ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ಭಾರತದ ‘ಇನ್ಸಾಟ್-3ಬಿ’ ಉಪಗ್ರಹವು ಆಕಾಶವನ್ನೇರಿತು. ಅದೇ ತಿಂಗಳ 24ರಂದು, ನಮ್ಮ ಗಡಿಯಾಚೆ ಆಂಧ್ರದ ಚಿತ್ತೂರು ಜಿಲ್ಲೆಯ ಅರಗೊಂಡ ಎಂಬ ಹಳ್ಳಿಯಲ್ಲಿ, ಆ ಊರಿನವರೇ ಆದ ಡಾ. ಪ್ರತಾಪ್ ರೆಡ್ಡಿಯವರ ಅಪೋಲೋ ಸಂಸ್ಥೆಯು ಕಟ್ಟಿದ್ದ ಆಸ್ಪತ್ರೆಯ ದೂರವೈದ್ಯ ಕೇಂದ್ರವನ್ನು ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ನರು ಹೈದರಾಬಾದಿನಲ್ಲಿದ್ದುಕೊಂಡು ಉದ್ಘಾಟಿಸಿದರು. ಬೆಂಗಳೂರಿನ ಹೊರವಲಯದ ಬೊಮ್ಮಸಂದ್ರದಲ್ಲಿಯೂ ಆ ಕಾಲದಲ್ಲಿಯೇ ಡಾ. ದೇವಿ ಶೆಟ್ಟಿಯವರ ನಾರಾಯಣ ಹೃದಯಾಲಯವು ತಲೆಯೆತ್ತಿತು. ಕಿನ್ನಿಗೋಳಿಯಲ್ಲಿ ಹುಟ್ಟಿ, ಕಲಕತ್ತೆಯಲ್ಲಿ ಬಹುಕಾಲ ಶಸ್ತ್ರವೈದ್ಯರಾಗಿ ದುಡಿದು ಬಂದಿದ್ದ ಶೆಟ್ಟಿಯವರು ದೂರದ ಊರುಗಳ ಹೃದಯಗಳನ್ನು ನಗರದಲ್ಲಿ ಕುಳಿತೇ ನೋಡುವ ವಿಷಯದಲ್ಲಿ ಮೊದಲಿನಿಂದಲೂ ಆಸ್ಥೆಯುಳ್ಳವರು. ಕೆ. ಕಸ್ತೂರಿರಂಗನ್ನರ ಅಧ್ಯಕ್ಷತೆಯಲ್ಲಿದ್ದ ಇಸ್ರೋ ಸಂಸ್ಥೆಯು ಉಪಗ್ರಹದ ದಾರಿಯನ್ನೂ ಸಲಕರಣೆಯನ್ನೂ ಒದಗಿಸಲು ಮುಂದಾಗಿ, ರಾಜ್ಯಸರಕಾರವು ಕೈಜೋಡಿಸಿ, 2002ರ ವೇಳೆಗೆ ಬೊಮ್ಮಸಂದ್ರದ ಆಸ್ಪತ್ರೆಗೂ ಎರಡು ದೂರದ ಊರುಗಳಿಗೂ ಸಂಪರ್ಕವು ಏರ್ಪಟ್ಟಿತು. ಅವುಗಳಲ್ಲಿ ಒಂದು ಚಾಮರಾಜನಗರದ ಜಿಲ್ಲಾ ಆಸ್ಪತ್ರೆ. ಇನ್ನೊಂದು ಹೆಗ್ಗಡದೇವನಕೋಟೆಯ ಸೀಮೆಯ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆ.

ಈ ಎರಡು ಊರುಗಳ ಆಯ್ಕೆಯು ಅರ್ಥವತ್ತಾದುದು. ಚಾಮರಾಜನಗರವು 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟ ಹೊಸ ಜಿಲ್ಲೆ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರನ ಬೆಟ್ಟ, ಬಂಡೀಪುರದ ಅರಣ್ಯ, ಇವುಗಳ ನಡುವೆ ಚೆದರಿ ಬಿದ್ದಿರುವ ಹಾಡಿಗಳಿಂದಲೂ ಹಳ್ಳಿಗಳಿಂದಲೂ ಜನ ಬರಬೇಕಾದ ಸ್ಥಳ. ಸರಗೂರಿನ ಆಸ್ಪತ್ರೆಯು ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು ಆರ್. ಬಾಲಸುಬ್ರಹ್ಮಣ್ಯಂ ಅವರ ನೇತೃತ್ವದಲ್ಲಿ 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂಬ ಸಂಸ್ಥೆಯದು. ಕಬಿನಿಯ ಜಲಾಶಯಕ್ಕಾಗಿಯೂ ಹುಲಿಯ ಸಂರಕ್ಷಣೆಗಾಗಿಯೂ ಕಾಡಿನ ನೆಲೆಯನ್ನು ಕಳೆದುಕೊಂಡಿದ್ದ ಜೇನುಕುರುಬರು, ಕಾಡುಕುರುಬರು, ಯರವರು ಮೊದಲಾದವರ ನಡುವೆ ಅದು ಕೆಲಸಕ್ಕೆ ನಿಂತಿತ್ತು. ನಾಡಿನ ಏಳಿಗೆಗಾಗಿ ಮನೆಯನ್ನು ತೊರೆದವರಿಗೆ ನಾಡಿನ ವಿದ್ಯೆಯು ಕಡೆಗೂ ತಲುಪುವ ಮಾರ್ಗವಾಗಿ ಆಕಾಶದ ಈ ದಾರಿಯು ತೆರೆಯಿತೆಂಬುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ದಾರಿಯೆಂದೆನಲ್ಲ, ಅದರ ಉದ್ದವನ್ನು ಅಳೆಯುವುದೂ ಒಂದು ಸೊಗಸು. ಚಾಮರಾಜನಗರದಿಂದ ಬೊಮ್ಮಸಂದ್ರಕ್ಕೆ ರಸ್ತೆಯಲ್ಲಿ ಸುಮಾರು 180 ಕಿಲೋಮೀಟರು. ಹೃದಯರೇಖೆಯಾದರೋ ಆಸ್ಪತ್ರೆಯ ಮಾಳಿಗೆಯ ಮೇಲಿನ ಬಟ್ಟಲಿನಂತಹ ಆಂಟೆನಾದಿಂದ ಹೊರಟು, ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ ನಿಂತ ಉಪಗ್ರಹವನ್ನು ಮುಟ್ಟಿ, ಮತ್ತೆ ಅಷ್ಟೇ ದೂರವನ್ನು ಇಳಿದು ಬರಬೇಕು. 180 ಕಿಲೋಮೀಟರಿನ ಪಯಣಕ್ಕೆ 72,000 ಕಿಲೋಮೀಟರಿನ ಬಳಸುದಾರಿ! ಆದರೂ ಅದಕ್ಕೆ ತಗುಲುವ ಕಾಲವು ಕಾಲು ಸೆಕೆಂಡು. ಮಾತಾಡುವವರಿಗೆ ಮಾತ್ರ ಈ ಕಾಲು ಸೆಕೆಂಡೂ ತಿಳಿಯುತ್ತಿತ್ತು. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಮುಂಚೆ ಒಂದು ಕ್ಷಣದ ಮೌನ, ಇಬ್ಬರೂ ಒಮ್ಮೆಗೇ ಬಾಯ್ದೆರೆದು ಇಬ್ಬರೂ ಒಮ್ಮೆಗೇ ನಿಲ್ಲಿಸುವುದು, ಇವು ಉಪಗ್ರಹದ ಸಂಭಾಷಣೆಗೆ ಸಹಜವಾದವು. ಇ.ಸಿ.ಜಿ.ಯ ಗೆರೆಯು ಚಿಕ್ಕ ಹೊರೆ, ಸುಲಭವಾಗಿ ಸಾಗುತ್ತಿತ್ತು. ಕವಾಟಗಳ ತೆರೆಮುಚ್ಚುವಿಕೆಯನ್ನು ತೋರಿಸುವ ಎಕೋ ಚಿತ್ರವು ಚಲಿಸುವ ಚಿತ್ರವಾದುದರಿಂದ ಹೆಚ್ಚಿನ ಅಗಲದ ದಾರಿಯನ್ನು ಬೇಡುತ್ತಿತ್ತು.

ಈ ವೃತ್ತಾಂತವನ್ನು ಬರೆದವರು ಸಾಮಾನ್ಯವಾಗಿ ಉಪಗ್ರಹವನ್ನೂ ನಗರದ ತಜ್ಞರನ್ನೂ ಮುಂದೆ ನಿಲ್ಲಿಸುತ್ತಾರೆ. ಅವರ ಹಿರಿಮೆಯನ್ನು ನಾನು ಕಡಮೆ ಮಾಡಲಾರೆ. ಆದರೆ ನನ್ನ ಗೌರವವು ಬೇಡವೆಂದರೂ ತಂತಿಯ ಈ ತುದಿಯತ್ತಲೇ ಹರಿಯುತ್ತದೆ. ಹನ್ನೆರಡು ಕೋನಗಳಿಂದ ಹೃದಯವನ್ನು ನೋಡಬೇಕಾದರೆ ಹತ್ತು ತಂತಿಗಳನ್ನು ಮೈಗೆ ಜೋಡಿಸಬೇಕು: ಕೈಕಾಲುಗಳಿಗೆ ನಾಲ್ಕು, ಎದೆಗೆ ಆರು. ಎಡಗೈಯ ತಂತಿಯು ಬಲಗೈಗೆ ಹೋದರೆ ಗೆರೆಯು ತಲೆಕೆಳಗಾಗುತ್ತದೆ. ಎದೆಯ ತಂತಿಯು ಒಂದು ಪಕ್ಕೆಲುಬಿನಷ್ಟು ಮೇಲಕ್ಕೆ ಸರಿದರೆ ಇಲ್ಲದ ರೋಗವು ಕಾಣಿಸಿಕೊಳ್ಳುತ್ತದೆ, ಇರುವ ರೋಗವು ಮರೆಯಾಗುತ್ತದೆ. ರೋಗಿಯು ಚಳಿಗೆ ನಡುಗಿದರೆ ಗೆರೆಯೂ ನಡುಗುತ್ತದೆ. ಇಲ್ಲಿ ಆದ ತಪ್ಪನ್ನು ಬೊಮ್ಮಸಂದ್ರದ ಪಂಡಿತನು ಒಮ್ಮೊಮ್ಮೆ ಗುರುತಿಸಿಯಾನು. ತಿದ್ದಲಾರನು, ಮತ್ತೊಮ್ಮೆ ತೆಗೆಯಿರೆಂದು ಹೇಳಬಲ್ಲನಷ್ಟೆ. ಹಾಗೆಯೇ, ಗಂಡನಲ್ಲದೆ ಬೇರೊಬ್ಬ ಗಂಡಸಿನೆದುರು ಸೆರಗು ಸರಿಸದೆ ಅರುವತ್ತು ವರ್ಷ ಬಾಳಿದ ಹೆಣ್ಣುಮಗಳೊಬ್ಬಳು ಎದೆಯ ಮೇಲೆ ಆರು ಕಡೆ ತಂತಿ ಅಂಟಿಸಿಕೊಳ್ಳಲು ಒಪ್ಪಬೇಕಾದರೆ, “ಏನೂ ಆಗಾಕಿಲ್ಲ ಕಣವ್ವ, ಉಸಿರು ಬಿಟ್ಕಂಡು ಸುಮ್ಕೆ ಮನಿಕ್ಕೊ” ಎಂದು ಹೇಳಿ, ಪರದೆಯನ್ನೆಳೆದು, ತಣ್ಣಗಿನ ಲೇಪವನ್ನು ಹಚ್ಚುವ ಮುನ್ನ ಅಂಗೈಯನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವ ದಾದಿಯೊಬ್ಬಳು ಅಲ್ಲಿ ಇರಲೇಬೇಕು. ಈ ಮಾತನ್ನು ಯಾವ ಉಪಗ್ರಹವೂ ಹೇಳಲಾರದು. ಅಲಾಸ್ಕಾದ ಹಳ್ಳಿಗಳಲ್ಲಿಯೂ ದೂರದ ವೈದ್ಯರಿಗೆ ಕಣ್ಣೂ ಕೈಯೂ ಆಗಿ ದುಡಿದವರು ಆಯಾ ಹಳ್ಳಿಯವರೇ ಆದ, ಅಲ್ಪಕಾಲದ ತರಬೇತಿ ಪಡೆದ ಆರೋಗ್ಯ ಸಹಾಯಕರು.

ಈ ತುದಿಯಲ್ಲಿ ಆಳು ಇಲ್ಲವಾದಾಗ ಏನಾಯಿತೆಂಬುದನ್ನೂ ಮುಂದಿನ ವರ್ಷಗಳು ತೋರಿಸಿಕೊಟ್ಟವು. ಉಪಗ್ರಹ ಸಂಪರ್ಕವು ದೇಶದ ಬೇರೆ ಬೇರೆ ಭಾಗಗಳಿಗೆ ಹಬ್ಬಿತು. ಬಳಿಕ ಹಲವು ಕೇಂದ್ರಗಳು ಮೆಲ್ಲಮೆಲ್ಲನೆ ಮೌನ ತಾಳಿದವು. ಕಲಿತ ನೌಕರರಿಗೆ ವರ್ಗಾವಣೆ, ಬ್ಯಾಟರಿಗೆ ಮುಪ್ಪು, ರಿಪೇರಿಗೆ ಬರುವವರಿಲ್ಲದ ಕೊಠಡಿಗೆ ಬೀಗ. ಬಾಗಿಲಿನ ಮೇಲೆ ಫಲಕ ಮಾತ್ರ ಉಳಿದ ಇಂತಹ ಕೊಠಡಿಗಳ ವಿಷಯವನ್ನು ಸಂಕಟವಿಲ್ಲದೆ ಬರೆಯಲಾಗುವುದಿಲ್ಲ.

ಮತ್ತೆ ಜೀವ ಬಂದುದು ಯಾರೂ ಯೋಜಿಸದಿದ್ದ ದಿಕ್ಕಿನಿಂದ. ಕ್ಯಾಮರಾವುಳ್ಳ ಮೊಬೈಲು ಹಳ್ಳಿಹಳ್ಳಿಗೂ ಬಂದು ಸೇರಿದ ಮೇಲೆ, 72,000 ಕಿಲೋಮೀಟರಿನ ಬಳಸುದಾರಿಯು ಬೇಡವಾಗಿ, ಗುಲಾಬಿ ಬಣ್ಣದ ಚೌಕುಳಿ ಕಾಗದದ ಮೇಲೆ ಮೂಡಿದ ಗೆರೆಯ ಚಿತ್ರವನ್ನು ತೆಗೆದು ಕಳುಹಿಸಿದರೆ ಸಾಕೆಂಬಂತಾಯಿತು. ಆ ಕಾಗದವು ಜಗತ್ತಿನಲ್ಲೆಲ್ಲ ಬಹುಮಟ್ಟಿಗೆ ಒಂದೇ ಅಳತೆಯದು. ಸೆಕೆಂಡಿಗೆ 25 ಮಿಲಿಮೀಟರು ಸರಿಯುತ್ತದೆ, ಒಂದು ಮಿಲಿವೋಲ್ಟಿಗೆ 10 ಮಿಲಿಮೀಟರು ಏರುತ್ತದೆ. ಆದುದರಿಂದ ಚಿತ್ರವು ಹಿಗ್ಗಿದರೂ ಕುಗ್ಗಿದರೂ ಚೌಕಗಳನ್ನು ಎಣಿಸಿ ಓದಬಹುದು. ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತರು ‘ಕಾರ್ಡಿಯಾಲಜಿ ಆಟ್ ಡೋರ್‌ಸ್ಟೆಪ್’ ಎಂಬ ಹೆಸರಿನಲ್ಲಿ ಕರಾವಳಿ ಮತ್ತು ಮಲೆನಾಡಿನ ಹಳ್ಳಿಗಳ ಆರೋಗ್ಯಕೇಂದ್ರಗಳಿಗೆ ದಾನಿಗಳ ನೆರವಿನಿಂದ ಇ.ಸಿ.ಜಿ. ಯಂತ್ರಗಳನ್ನು ಕೊಡಿಸಿ, ವಾಟ್ಸ್ಯಾಪ್ ಗುಂಪುಗಳನ್ನು ಕಟ್ಟಿ, ಹಗಲಿರುಳೆನ್ನದೆ ಬರುವ ಗೆರೆಗಳನ್ನು ಜೊತೆಯ ವೈದ್ಯರೊಡನೆ ಓದಿ ಉತ್ತರಿಸುವ ಕೆಲಸವನ್ನು ನಡೆಸಿದ್ದಾರೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ಅಕಾಲದಲ್ಲಿ ತೀರಿಕೊಂಡು ನಾಡೆಲ್ಲ ಕಂಬನಿ ಮಿಡಿದ ತರುವಾಯ, ಅವರ ಹೆಸರಿನಲ್ಲಿಯೇ ರಾಜ್ಯಸರಕಾರವು ‘ಹೃದಯಜ್ಯೋತಿ’ ಯೋಜನೆಯನ್ನು ಆರಂಭಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಗೆರೆಯನ್ನು ಗಣಕಯಂತ್ರದ ನೆರವಿನಿಂದ ದೂರದ ತಜ್ಞರು ನಿಮಿಷಗಳಲ್ಲಿ ಓದಿ ಹೇಳುವುದು, ಆಘಾತವೆಂದು ತಿಳಿದೊಡನೆ ಅಲ್ಲಿಯೇ ಟೆನೆಕ್ಟೆಪ್ಲೇಸ್ ಎಂಬ ಗರಣೆ ಕರಗಿಸುವ ಮದ್ದನ್ನು ಉಚಿತವಾಗಿ ಕೊಡುವುದು, ಅನಂತರ ಜಯದೇವದಂತಹ ದೊಡ್ಡ ಆಸ್ಪತ್ರೆಗೆ ಸಾಗಿಸುವುದು, ಇದು ಅದರ ಕ್ರಮ. ಸ್ಟ್ರೆಪ್ಟೋಕೈನೇಸನ್ನು ಸುಮಾರು ಒಂದು ಗಂಟೆಯ ಕಾಲ ಹನಿಹನಿಯಾಗಿ ಏರಿಸಬೇಕಾಗಿತ್ತು. ಟೆನೆಕ್ಟೆಪ್ಲೇಸನ್ನಾದರೋ ಒಂದೇ ಸಲಕ್ಕೆ, ಕೆಲವೇ ಸೆಕೆಂಡುಗಳಲ್ಲಿ ಚುಚ್ಚಿಬಿಡಬಹುದು. ಮದ್ದಿಗೂ ಅವಸರವೇನೆಂಬುದು ತಿಳಿಯಿತೆನ್ನಬೇಕು.

ಆದರೂ ಹಾಡಿಯಿಂದ ತಾಲ್ಲೂಕಿನವರೆಗಿನ ದಾರಿಯು ಇನ್ನೂ ಮಣ್ಣಿನದೇ ಆಗಿ ಉಳಿದಿದೆ. ನೋವು ಬಂದವನನ್ನು ಸೋಡಾ ಅಂಗಡಿಯಿಂದ ಆಸ್ಪತ್ರೆಯತ್ತ ತಿರುಗಿಸುವವರು ಇನ್ನೂ ಬೇಕಾಗಿದ್ದಾರೆ. ಹೊತ್ತಲ್ಲದ ಹೊತ್ತಿನಲ್ಲಿ ಅಂತೂ ಅವನು ಬಂದು ಮಲಗಿದನೆನ್ನಿ. ಹತ್ತು ತಂತಿಗಳು ಅವನ ಮೈಗೆ ಅಂಟುತ್ತವೆ. ಕಾಗದವು ಸರಸರನೆ ಹೊರಗೆ ಬರುತ್ತದೆ. ದಾದಿಯು ಅದನ್ನು ಹರಿದು, ದೂರದೂರಿಗೆ ಕಳುಹಿಸುವ ಮುಂಚೆ, ಅದರ ನೆತ್ತಿಯ ಮೇಲೆ ಅವನ ಹೆಸರನ್ನೂ, ವಯಸ್ಸನ್ನೂ, ನೋವು ತೊಡಗಿದ ಗಂಟೆಯನ್ನೂ ಬರೆಯುತ್ತಾಳೆ.